ಕಾಲಿಗೆ ಒದ್ದವನು ಹೊರಗೆ

ಕೊರಳಲ್ಲಿ ಪೀಪಿ ನೇತುಹಾಕಿಕೊಂಡವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ವಾರಕ್ಕೊಂದು ಸಲ ಅವನನ್ನು ಹುಡುಕಿಕೊಂಡು ಬರುತ್ತವೆ. ತೊಂಬತ್ತರ ದಶಕದಲ್ಲಿ, ಚಾಮರಾಜನಗರ ಇನ್ನೂ ಜಿಲ್ಲೆಯಾಗದೆ ಎಲ್ಲದಕ್ಕೂ ಮೈಸೂರಿಗೆ ಓಡಬೇಕಾಗಿದ್ದ ಕಾಲದಲ್ಲಿ, ನಾನು ನಮ್ಮ ಕಡೆಯ ಹೈಸ್ಕೂಲು ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕರಿಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡಿದವನು. ಆಮೇಲೆ ಕೂಲಿಯವರ ಪರವಾಗಿ ಅರ್ಜಿ ಬರೆದು, ಘೋಷಣೆ ಕೂಗಿ, ಆಫೀಸುಗಳ ಬಾಗಿಲಲ್ಲಿ ಕೂತು ಹೆಸರು ಕೆಡಿಸಿಕೊಂಡವನು. ಇಂಥವನ ಕೈಗೆ ಪೀಪಿ ಹೇಗೆ ಬಂತು ಅನ್ನುವುದರಿಂದಲೇ ಶುರುಮಾಡುತ್ತೇನೆ.

೧. ಉಪವಾಸ ಕೂತು ತಂದದ್ದು

ಉಮ್ಮತ್ತೂರಿನ ಒಬ್ಬ ಹುಡುಗ ಚೆಂಡು ತಗೊಂಡು ಓಡುತ್ತಿದ್ದ. ಎದುರು ತಂಡದವನು ಚೆಂಡಿನ ಕಡೆ ಕಣ್ಣೇ ಹಾಯಿಸಲಿಲ್ಲ. ಹಾರಿ ಬಂದು ಎರಡೂ ಕಾಲು ಜೋಡಿಸಿ ಅವನ ಮೊಣಕಾಲ ಕೆಳಗೆ ಒದ್ದ. ಮೂಳೆ ಮುರಿದ ಸದ್ದು ಬೇಲಿಯ ಹತ್ತಿರ ನಿಂತಿದ್ದ ನನಗೂ ಕೇಳಿಸಿತು. ಪಂದ್ಯ ನಡೆಸುತ್ತಿದ್ದ ಮೇಷ್ಟ್ರು ಬಿದ್ದವನನ್ನು ಎತ್ತಿಸಿ ಪಕ್ಕಕ್ಕೆ ಮಲಗಿಸಿ ಆಟ ಮುಂದುವರಿಸಿದರು. ಒದ್ದವನು ಎರಡು ಗೋಲು ಹೊಡೆದ. ಸಂಜೆ ಅವನಿಗೇ ಹಾರ ಹಾಕಿದರು.

ಕಾಲು ಮುರಿಸಿಕೊಂಡ ಹುಡುಗನ ತಾಯಿ ಹೊಲದ ಕೂಲಿಯವಳು. ಅವಳು ಅಳಲೂ ಇಲ್ಲ. "ನಮ್ಮಂತೋರ ಐಕ್ಳಿಗೆ ಕಾಲ್ ಬುಟ್ರೆ ಇನ್ನೇನದೆ ಲೀಡ್ರೇ. ನನ್ ಮಗಂದು ಆಗೋಯ್ತು. ಇನ್ನೊಬ್ಬಳ ಮಗಂಗೆ ಇಂಗಾಗ್ದಂಗೆ ನೋಡ್ಕಳಿ" ಅಂದಳು.

ಮಾರನೆಯ ಬೆಳಗ್ಗೆ ಒಂದು ರಟ್ಟಿನ ಮೇಲೆ 'ಕಾಲಿಗೆ ಒದ್ದವನು ಹೊರಗೆ' ಅಂತ ಬರೆದುಕೊಂಡು ಶಾಲೆಗಳನ್ನು ನೋಡಿಕೊಳ್ಳುವ ಸಾಹೇಬರ ಆಫೀಸಿನ ಮುಂದೆ ಉಪವಾಸ ಕೂತೆ. "ಆಟ ಅಂದಮೇಲೆ ಪೆಟ್ಟು ಇದ್ದದ್ದೇ ಕಣಯ್ಯಾ" ಅಂದರು ಸಾಹೇಬರು. "ಆಫೀಸು ಅಂದಮೇಲೆ ಧರಣಿಯೂ ಇದ್ದದ್ದೇ ಸಾರ್" ಅಂದೆ. ಮೂರು ದಿನ ಕೂತೆ. ನಾಲ್ಕನೆಯ ದಿನ ಅವರು ಒಳಗೆ ಕರೆದರು.

"ನೀನು ಕೇಳ್ತಿರೋ ನಿಯಮ ಪುಸ್ತಕದಲ್ಲಿ ಮೊದಲಿಂದಲೂ ಇದೆ. ಜಾರಿಗೆ ತರೋ ಗಂಡಸು ಬೇಕಲ್ಲ. ದೊಡ್ಡೋರ ಮಗನ್ನ ಹೊರಗೆ ಕಳಿಸಿದ ಮೇಷ್ಟ್ರು ಮಾರನೇ ದಿನ ಅದೇ ಊರಲ್ಲಿ ಪಾಠ ಮಾಡೋದು ಹೇಗೆ?" ಅಂದವರೇ ಡ್ರಾಯರ್ ಎಳೆದು ಒಂದು ಪೀಪಿ ತೆಗೆದು ಮೇಜಿನ ಮೇಲಿಟ್ಟರು. "ತಗೋ, ನೀನೇ ಊದು. ಒಂದು ವರ್ಷ ನೋಡ್ತೀನಿ. ಮೈದಾನದಲ್ಲಿ ಒಂದೇ ಒಂದು ಹೊಡೆದಾಟ ಆಯ್ತು ಅನ್ನು, ಪೀಪಿ ವಾಪಸ್. ನಿನ್ನ ನಿಯಮವೂ ಅವತ್ತಿಗೆ ಬಂದ್."

ಗೆದ್ದೆ ಅಂತ ಎದೆ ಉಬ್ಬಿಸಿಕೊಂಡು ಹೊರಗೆ ಬಂದೆ. ಕ್ವಾರಿಯ ಗೆಳೆಯನೊಬ್ಬ ನನ್ನ ಜೊತೆ ಮೂರು ದಿನವೂ ಹಸಿದುಕೊಂಡು ಕೂತಿದ್ದ. "ಏನ್ ಕೊಟ್ರು?" ಅಂದ. ತೋರಿಸಿದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಸಂತೇಲೇ ಸಿಕ್ತಿತ್ತಲ್ಲ, ಇದ್ಕ್ ಯಾಕ್ಲಾ ಉಪಾಸ ಕೆಡುವ್ದೆ ನನ್ನ?" ಅಂದ.

೨. ಬೇಕರಿಯ ಪಾಠಶಾಲೆ

ಪೀಪಿಯೇನೋ ಬಂತು. ನನಗೆ ಗೊತ್ತಿದ್ದದ್ದು ಒಂದೇ ನಿಯಮ. ಉಳಿದದ್ದನ್ನು ಯಾರು ಹೇಳಿಕೊಡಬೇಕು? ಗುಂಡ್ಲುಪೇಟೆಯಲ್ಲಿ ಬೇಕರಿ ಇಟ್ಟಿದ್ದ ಒಬ್ಬ ಮಲಯಾಳಿ ಕಾಕಾ ಇದ್ದರು. ಅವರ ಊರಿನಲ್ಲಿ ಮಕ್ಕಳು ನಡೆಯುವ ಮೊದಲು ಚೆಂಡು ಒದೆಯುತ್ತವಂತೆ. ನಾನು ದಿನಾ ಮಧ್ಯಾಹ್ನ ನೋಟ್‌ಬುಕ್ ಹಿಡಿದು ಅವರ ಅಂಗಡಿಗೆ ಹೋದೆ. ಓದುವ ವಯಸ್ಸಿನಲ್ಲಿ ಕಲ್ಲು ಒಡೆದವನಿಗೆ ಯಾರ ಮುಂದೆ ಕೂತು ಕಲಿಯುವುದಕ್ಕೂ ನಾಚಿಕೆಯಿಲ್ಲ.

ಕಾಕಾ ಗಾಜಿನ ಮೇಜಿನ ಮೇಲೆ ಬಿಸ್ಕತ್ತಿನ ಜಾಡಿಗಳನ್ನು ಸಾಲಾಗಿ ಜೋಡಿಸಿದರು. ಬೆಣ್ಣೆ ಬಿಸ್ಕತ್ತಿನ ಜಾಡಿ ಗೋಲ್‌ಕೀಪರು. ರಸ್ಕಿನ ಜಾಡಿ ಹಿಂದಿನ ಆಟಗಾರ. ಒಂದು ಬನ್ನು ಚೆಂಡು.

"ನೋಡಿ ಲೀಡರೇ. ಕಾಲು ಚೆಂಡಿಗೆ ಹೋಗಿ ಆಮೇಲೆ ಮನುಷ್ಯನಿಗೆ ತಾಗಿದ್ರೆ ಬರೀ ತಪ್ಪು. ಜೋರಾಗಿ ತಾಗಿದ್ರೆ ಹಳದಿ ಕಾರ್ಡು. ಚೆಂಡು ಬಿಟ್ಟು ಮನುಷ್ಯನಿಗೇ ಹೋದ್ರೆ ಕೆಂಪು. ಹೆಂಗೆ ಅಂದ್ರೆ..." ಅಂತ ಒಂದು ಖಾಲಿ ಜಾಡಿಯನ್ನು ಓಡಿಸಿಕೊಂಡು ಬಂದು ರಸ್ಕಿನ ಜಾಡಿಗೆ ಗುದ್ದಿದರು. ಅದು ಉರುಳಿ ನೆಲಕ್ಕೆ ಬಿದ್ದು ಚೂರಾಯಿತು.

"ಹಿಂಗೆ. ಇದು ಕೆಂಪು" ಅಂದರು ಕಾಕಾ, ಬಹಳ ತೃಪ್ತಿಯಿಂದ.

ಒಳಗಿಂದ ಅವರ ಹೆಂಡತಿ ಬಂದರು. ಗಾಜಿನ ಚೂರು ನೋಡಿದರು, ಗಂಡನನ್ನು ನೋಡಿದರು, ಮಾತಾಡದೆ ರಸ್ತೆಯ ಕಡೆ ಬೆರಳು ತೋರಿಸಿದರು. ಕಾಕಾ ತಲೆ ತಗ್ಗಿಸಿಕೊಂಡು ಹೋಗಿ ಎದುರಿನ ಸೈಕಲ್ ಅಂಗಡಿಯ ಮುಂದೆ ನಿಂತುಕೊಂಡರು. ಕೆಂಪು ಕಾರ್ಡನ್ನು ಹೇಗೆ ಕೊಡಬೇಕು ಅನ್ನುವುದನ್ನು ನಾನು ಕಲಿತದ್ದು ಆಕೆಯಿಂದ.

೩. ಕಾಲು ಚಾಚಿದವನು

ನನ್ನ ಮೊದಲನೆಯ ಪಂದ್ಯ ಚಾಮರಾಜನಗರದಲ್ಲಿ. ಗೋಲಿನ ಹತ್ತಿರ ಒಬ್ಬ ಉದ್ದನೆಯ ಹುಡುಗ ಎದುರಾಳಿಯ ಕಾಲಿಗೆ ಬೀಸಿ ಒದ್ದ. ನಾನು ಪೀಪಿ ಊದಿ, ಗೋಲಿನ ಎದುರು ಸುಣ್ಣದ ಚುಕ್ಕೆ ಇರುವ ಜಾಗ ತೋರಿಸಿ, "ಪೆನಾಲ್ಟಿ" ಅಂದೆ.

ಒದ್ದ ಹುಡುಗ ತಾನೇ ನಡೆದು ಬಂದು ಆ ಚುಕ್ಕೆಯ ಮೇಲೆ ನಿಂತ. ಬಲಗಾಲು ಮುಂದೆ ಚಾಚಿದ. ಕಣ್ಣು ಮುಚ್ಚಿಕೊಂಡ.

"ಏನ್ಲಾ ಇದು?" ಅಂದೆ.

"ಒದೀಲಿ ಸಾ. ನಾನ್ ಒದ್ದೀವ್ನಲ್ಲ, ಅವ್ನೂ ಒಂದ್ ಒದೀಲಿ. ನಮ್ಮವ್ವ ಮನೇಲಿ ಇಂಗೇ ಕನಾ ಮಾಡ್ಸೋದು. ತಮ್ಮುಂಗೆ ಒಡುದ್ರೆ ತಮ್ಮುನ್ ಕೈಲೇ ಒಡುಸ್ತಾಳೆ."

ಆಚೆ ನೋಡಿದರೆ ಪೆಟ್ಟು ತಿಂದ ಹುಡುಗ ಆಗಲೇ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದ. "ಸಾ, ಎಷ್ಟ್ ದೂರ್ದಿಂದ ಓಡ್ಬಂದು ಒದೀಬೋದು?" ಅಂತ ಅಲ್ಲಿಂದಲೇ ಕೇಳಿದ.

ಇಬ್ಬರನ್ನೂ ಹತ್ತಿರ ಕರೆದು ಬಿಡಿಸಿ ಹೇಳಿದೆ. ಒದೆಯುವುದು ಚೆಂಡಿಗೆ, ಕಾಲಿಗಲ್ಲ. ಕಾಲಿಗೆ ಒದ್ದವನು ಇವತ್ತಿನ ಆಟ ಬಿಟ್ಟು ಹೊರಗೆ ಹೋಗಬೇಕು, ಅವನ ಬದಲು ಇನ್ನೊಬ್ಬ ಬರುವಂತೆಯೂ ಇಲ್ಲ. ಪೆಟ್ಟು ತಿಂದವನ ಮುಖ ಸಪ್ಪಗಾಯಿತು. ಒದ್ದವನ ಮುಖ ಇನ್ನೂ ಸಪ್ಪಗಾಯಿತು. ಸ್ವಲ್ಪ ಹೊತ್ತು ಯೋಚನೆ ಮಾಡಿ ಕಾಲನ್ನು ಮತ್ತೆ ಚಾಚಿದ.

"ಒರಕ್ ಮಾತ್ರ ಕಳುಸ್ಬೇಡಿ ಸಾ. ಬೇಕಾರೆ ಎಲ್ರ ಕೈಲೂ ಒಂದೊಂದು ಒದುಸ್ಬುಡಿ."

೪. ಹಳದಿ ಕಾರ್ಡು

ಕೆಂಪು ಕಾರ್ಡನ್ನು ನಾನು ನಮ್ಮ ಮೆರವಣಿಗೆಯ ಹಳೆಯ ಬ್ಯಾನರಿನಿಂದ ಕತ್ತರಿಸಿ ರಟ್ಟಿಗೆ ಅಂಟಿಸಿಕೊಂಡಿದ್ದೆ. ಹಳದಿಯದನ್ನು ಬೇಕರಿಯ ಕೇಕಿನ ಡಬ್ಬಿಯಿಂದ ಮಾಡಿಕೊಂಡಿದ್ದೆ. ಎರಡೂ ಒಂದೇ ಜೇಬಿನಲ್ಲಿ. ಒಂದು ಭಾನುವಾರ ಅದೇ ಜೇಬಿನಲ್ಲಿ ನನ್ನ ಅಕ್ಕನ ಮಗಳ ಮದುವೆಯ ಲಗ್ನಪತ್ರಿಕೆಗಳೂ ಇದ್ದವು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದವು. ಪಂದ್ಯ ಮುಗಿಸಿಕೊಂಡು ಹಂಚಲು ಹೋಗಬೇಕಿತ್ತು.

ಒಬ್ಬ ಹುಡುಗ ಹಿಂದಿನಿಂದ ಬಂದು ಇನ್ನೊಬ್ಬನನ್ನು ಬೀಳಿಸಿದ. ಎಚ್ಚರಿಕೆ ಸಾಕು ಅಂದುಕೊಂಡು ಜೇಬಿಗೆ ಕೈ ಹಾಕಿ, ಹಳದಿ ಕಂಡದ್ದನ್ನು ಎಳೆದು ಅವನ ಮುಖದ ಮುಂದೆ ಎತ್ತಿ ಹಿಡಿದೆ. ಹುಡುಗ ಗಾಬರಿಯಾಗಲಿಲ್ಲ. ಎರಡೂ ಕೈ ಒಡ್ಡಿ ತಗೊಂಡ, ಕಣ್ಣಿಗೊತ್ತಿಕೊಂಡ, ಚಡ್ಡಿಯ ಜೇಬಿಗೆ ಇಟ್ಟುಕೊಂಡ, ಆಟ ಮುಂದುವರಿಸಿದ. ನಾನು ಅವನ ವಿನಯ ನೋಡಿ ಮೆಚ್ಚಿದೆ.

ಮದುವೆಯ ದಿನ ನೋಡಿದರೆ ಅವರ ಮನೆಯವರು ಹನ್ನೊಂದು ಜನ ಮೊದಲನೆಯ ಪಂಕ್ತಿಯಲ್ಲಿ ಕೂತಿದ್ದಾರೆ. ಅಕ್ಕ ಗುರುತು ಹತ್ತದೆ, ಯಾರ ಕಡೆಯವರು ಅಂತ ಕೇಳಿದಳಂತೆ. ಹುಡುಗನ ತಾತ, "ನಮ್ಮನ್ನ ಮನೆಗೆ ಬಂದು ಕರೀಲಿಲ್ಲ ಕನವ್ವ. ಸಾವ್ರ ಜನದ್ ಎದ್ರುಗೆ ಪೀಪಿ ಊದಿ, ಆಟ ನಿಲ್ಸಿ, ಕೈ ಎತ್ತಿ ಕರುದ್ರು ನಿನ್ ತಮ್ಮ. ಇಂತಾ ಮರ್ವಾದೆ ಯಾರ್ ಕೊಟ್ಟರು?" ಅಂದನಂತೆ.

ಅದನ್ನು ನಾನು ಸುಮ್ಮನೆ ನುಂಗಿಕೊಂಡೆ. ಆದರೆ ಮುಂದಿನ ಪಂದ್ಯಕ್ಕೆ ಹೋದಾಗ ಆ ಭಾನುವಾರದ ಎದುರು ತಂಡದ ಕ್ಯಾಪ್ಟನ್ನು ಮುಖ ಊದಿಸಿಕೊಂಡಿದ್ದ. "ಬಿದ್ದೋನು ನಮ್ಮವ್ನು. ಪತ್ರಿಕೆ ಅವ್ರಿಗಾ ಸಾ?" ಅಂದ.

೫. ಈರುಳ್ಳಿ ಮೂಟೆಯ ಮೇಲಿನ ಸಾಕ್ಷಿ

ಗುಂಡ್ಲುಪೇಟೆಯ ಮೈದಾನ ಹೆದ್ದಾರಿಯ ಪಕ್ಕದಲ್ಲಿತ್ತು. ಕೇರಳಕ್ಕೆ ಈರುಳ್ಳಿ ಹೊತ್ತು ಹೋಗುವ ಲಾರಿಗಳು ಪಂದ್ಯ ಕಂಡರೆ ನಿಂತುಬಿಡುತ್ತಿದ್ದವು. ಒಂದು ದಿನ ನಾನು ಪೆನಾಲ್ಟಿ ಕೊಟ್ಟೆ. ತಪ್ಪು ಮಾಡಿದ ತಂಡದ ಮೇಷ್ಟ್ರು ಓಡಿ ಬಂದು, "ನೀನು ನೋಡೇ ಇಲ್ಲ, ಅಂದಾಜಿನ ಮೇಲೆ ಊದಿದೀಯ. ಯಾರು ಸಾಕ್ಷಿ?" ಅಂದರು.

"ಞಾನ್ ಕಂಡು ಸಾರೇ" ಅಂತ ಆಕಾಶದಿಂದ ಒಂದು ದನಿ ಬಂತು. ಮೂಟೆಗಳ ತುದಿಯಲ್ಲಿ ಕೂತಿದ್ದ ಲಾರಿ ಕ್ಲೀನರು. ನಾನು ಕಂಡೆ ಅಂತ ಹೇಳುತ್ತಲೇ ಹಗ್ಗ ಹಿಡಿದು ಇಳಿದು ಬಂದ. ಬಂದವನು ಬಾಯಲ್ಲಿ ಹೇಳಲಿಲ್ಲ. ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡು, ತಾನೇ ನೆಲದ ಮೇಲೆ ಜಾರಿ, ಒದ್ದವನ ಕಾಲು ಎಲ್ಲಿಂದ ಬಂತು, ಎಲ್ಲಿ ತಾಗಿತು ಅಂತ ಮೂರು ಸಲ ಮಾಡಿ ತೋರಿಸಿದ. ಮೇಷ್ಟ್ರು ಒಪ್ಪಲಿಲ್ಲ. ಇನ್ನೊಂದು ಲಾರಿಯ ಡ್ರೈವರು ಇಳಿದ. ಬಸ್ಸಿನವರು ಇಳಿದರು. ಹೆದ್ದಾರಿ ಎರಡೂ ಕಡೆ ಕಟ್ಟಿಕೊಂಡಿತು.

ಕೊನೆಗೆ ಪೊಲೀಸಿನವನು ಲಾಠಿ ಆಡಿಸಿಕೊಂಡು ಬಂದ. ಇದನ್ನು ಗಲಾಟೆ ಅಂತ ಬರೆದುಕೊಂಡರೆ ನನ್ನ ಪೀಪಿ ಹೋಯಿತು. ಅವನು ಎಲ್ಲರ ಮಾತನ್ನೂ ಕೇಳಿ, ಬಿದ್ದವನ ಕಾಲಿನ ಊತ ಮುಟ್ಟಿ ನೋಡಿ, ರಸ್ತೆಯ ಕಡೆ ತಿರುಗಿ ಗದರಿದ.

"ಪೆನಾಲ್ಟಿ ಒದ್ದು ಮುಗ್ಸೋಗಂಟ ಯಾರೂ ಗಾಡಿ ಸ್ಟಾರ್ಟ್ ಮಾಡಂಗಿಲ್ಲ."

೬. ಕಾಯಿ ತಟ್ಟೆ

ಹಂಗಳದ ಕಡೆಯ ಒಬ್ಬ ಹುಡುಗನಿಗೆ ಕೆಂಪು ಕಾರ್ಡು ತೋರಿಸಿದೆ. ಅವನು ಅಳುತ್ತಾ ಹೋದ. ಮಧ್ಯದ ಬಿಡುವಿನಲ್ಲಿ ಅವರ ಊರಿನ ಯಜಮಾನರುಗಳು ನಾಲ್ಕು ಜನ ಸಾಲಾಗಿ ಮೈದಾನಕ್ಕೆ ಇಳಿದರು. ಮುಂದಿದ್ದ ಹಿರಿಯನ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಪೆಟ್ಟು ತಿಂದ ಹುಡುಗನ ಮುಂದೆ ಅದನ್ನಿಟ್ಟು, "ನಮ್ಮುಡ್ಗುಂದು ತಪ್ಪಾಯ್ತು ಕನಪ್ಪ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ತಪ್ಪು ಒಪ್ಕಂಡ್ವಿ. ತಪ್ಪು ಕಾಣಿಕೆ ಇಟ್ವಿ. ನ್ಯಾಯ ಮುಗೀತು. ನಮ್ಮುಡ್ಗುನ್ನ ಒಳಕ್ಕೆ ಬುಡಿ ಲೀಡ್ರೇ."

ಇಲ್ಲ ಅಂದರೆ ಊರಿಗೆ ಅವಮಾನ. ಊರಿಗೆ ಅವಮಾನವಾದರೆ ಹೊಡೆದಾಟ. ಹೂಂ ಅಂದರೆ ನಾಳೆಯಿಂದ ಎಲ್ಲರೂ ಒಂದು ಡಜನ್ ಬಾಳೆಹಣ್ಣು ಇಟ್ಟುಕೊಂಡೇ ಆಡಲು ಬರುತ್ತಾರೆ. ಪೆಟ್ಟು ತಿಂದವನು ಬೇರೆ ಆಗಲೇ ಒಂದು ಹಣ್ಣು ಸುಲಿದಿದ್ದ.

"ಅಯ್ಯಾ, ನಿಮ್ಮೂರ ನ್ಯಾಯದಲ್ಲಿ ತಪ್ಪು ಮಾಡಿದವನು ಕೂಟದ ಒಳಗೆ ಕೂರ್ತಾನೋ, ಹೊರಗೆ ನಿಲ್ತಾನೋ?" ಅಂದೆ.

"ಒರಗೆ ನಿಲ್ತಾನೆ."

"ಎಷ್ಟು ಹೊತ್ತು?"

"ಕೂಟ ಎದ್ದೋಗೋಗಂಟ."

"ಇದೂ ಒಂದು ಕೂಟವೇ ಅಯ್ಯಾ. ಇದು ಏಳೋದು ಐದು ಗಂಟೆಗೆ."

ಹಿರಿಯ ನನ್ನನ್ನು ದಿಟ್ಟಿಸಿ ನೋಡಿದ. ನ್ಯಾಯ ಹೇಳಿ ಹೇಳಿ ಕೂದಲು ಬೆಳ್ಳಗಾದವನಿಗೆ ನ್ಯಾಯ ಗೊತ್ತಾಗದೇ ಇರುತ್ತದೆಯೇ? "ಸರ್ಯಾಗದೆ" ಅಂದ. ಹೋಗಿ ಮರದ ಕೆಳಗೆ ಕೂತಿದ್ದ ಹುಡುಗನನ್ನು ಎಬ್ಬಿಸಿ ಕೈಕಟ್ಟಿ ನಿಲ್ಲಿಸಿ, ತಾನೂ ಪಕ್ಕದಲ್ಲೇ ಕಾವಲು ಕೂತ. ಅರ್ಧ ಗಂಟೆಯಾದ ಮೇಲೆ ಹುಡುಗ ಮೆಲ್ಲಗೆ, "ತಾತ, ನೀರ್ ಕುಡ್ಕಂಡು ಬತ್ತಿನಿ" ಅಂದ.

"ನ್ಯಾಯ ನಡೀತಾದೆ, ಸುಮ್ನೆ ನಿಂತ್ಕಳ್ಲಾ."

೭. ಕಪ್ಪು ಕೊಟ್ಟ ಯಜಮಾನರು

ಇನ್ನು ಆ ವರ್ಷದ ಕೊನೆಯ ಪಂದ್ಯ. ಗುಂಡ್ಲುಪೇಟೆಯ ಫೈನಲ್. ಒಂದು ಕಡೆ ಪೇಟೆಯ ಶಾಲೆ, ಇನ್ನೊಂದು ಕಡೆ ಹಳ್ಳಿಯ ಶಾಲೆ. ಹಳ್ಳಿಯ ಹುಡುಗರಲ್ಲಿ ಅರ್ಧ ಜನಕ್ಕೆ ಕಾಲಿಗೆ ಏನೂ ಇಲ್ಲ. ಗೆದ್ದ ತಂಡಕ್ಕೆ ಕೊಡುವ ಕಪ್ಪು ಮಾಡಿಸಿದವರು ಪೇಟೆಯ ದೊಡ್ಡ ಜಮೀನ್ದಾರರು, ದವಸದ ಮಂಡಿಯ ಯಜಮಾನರು. ಬೇರೆಯವರು ಅವರನ್ನು, ಒಡೆಯನಿಗೆ ಆಳು ಅನ್ನುವಂತೆ, ಬುದ್ದೀ ಅಂತ ಕರೆಯುತ್ತಿದ್ದರು. ನಾನು ಕರೆದವನಲ್ಲ. ಅವರ ಮಗನೇ ಪೇಟೆ ತಂಡದ ಮುಂದಿನ ಆಟಗಾರ. ಸಾಹೇಬರು ಶಾಮಿಯಾನದ ಕೆಳಗೆ ಯಜಮಾನರ ಪಕ್ಕದಲ್ಲಿ ಕೂತಿದ್ದರು. ನನ್ನ ಒಂದು ವರ್ಷ ಮುಗಿಯುವುದಕ್ಕೆ ಇದೊಂದೇ ಪಂದ್ಯ ಬಾಕಿ.

ಹಳ್ಳಿಯವರು ಒಂದು ಗೋಲು ಮುಂದಿದ್ದರು. ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಯಜಮಾನರ ಮಗ ಹಾರಿ, ಎರಡೂ ಕಾಲು ಜೋಡಿಸಿ, ಹಳ್ಳಿಯ ಹುಡುಗನ ಮೊಣಕಾಲ ಕೆಳಗೆ ಒದ್ದ. ಹುಡುಗ ಅರ್ಧ ಹೆಜ್ಜೆ ಸರಿದಿದ್ದರಿಂದ ಮೂಳೆ ಉಳಿಯಿತು. ಪೀಪಿ ಊದಿದೆ. ಪೇಟೆಯ ಶಾಲೆಯ ಮೇಷ್ಟ್ರು ದೂರದಿಂದಲೇ ನನಗೆ ಕೈ ಮುಗಿದು, ಹಳದಿ, ಹಳದಿ ಅಂತ ತುಟಿ ಆಡಿಸುತ್ತಿದ್ದರು. ನಾನು ಕೆಂಪು ತೆಗೆದು ಎತ್ತಿ ಹಿಡಿದೆ.

ಯಜಮಾನರು ಕುರ್ಚಿಯಿಂದ ಎದ್ದರು. ಶಲ್ಯ ಹೆಗಲಿಗೆ ಹಾಕಿಕೊಂಡು ಮೈದಾನದ ಒಳಕ್ಕೆ ನಡೆದು ಬಂದರು. ಹಿಂದೆ ಮಂಡಿಯ ಆಳುಗಳು ಆರು ಜನ. ಸಾಹೇಬರು ನನ್ನ ಮುಖ ನೋಡುತ್ತಿರಲಿಲ್ಲ, ಪೀಪಿಯನ್ನೇ ನೋಡುತ್ತಿದ್ದರು.

"ಏನಯ್ಯಾ ಮಾಡ್ದ ನಮ್ಮುಡ್ಗ?"

"ಕಾಲಿಗೆ ಒದ್ದ. ಬೇಕಂತಲೇ ಒದ್ದ."

"ನೀನು ಕಂಡ್ಯಾ?"

"ಕಂಡೆ."

ಯಜಮಾನರು ಮಗನ ಕಡೆ ತಿರುಗಿದರು. "ಒದ್ದ್ಯೇನ್ಲಾ?" ಮಗ ನೆಲ ನೋಡಿದ. "ನಾನ್ ಕೊಟ್ಟ ಕಪ್ಪಿನ್ ಮುಂದೆ ನನ್ ಮಾನ ಕಳೀತೀಯಾ?" ಅಂದವರೇ ಮೆಟ್ಟು ಹಾಕಿದ ಕಾಲಲ್ಲೇ ಮಗನ ಕಾಲಿಗೆ ಒಂದು ಬಿಟ್ಟರು. ಮಗ ಅಯ್ಯೋ ಅಂತ ಒಂದೇ ಕಾಲಲ್ಲಿ ಕುಣಿದ.

ಯೋಚನೆ ಮಾಡಲು ನನಗೆ ಸಮಯವಿರಲಿಲ್ಲ. ಒಂದು ವರ್ಷದ ಅಭ್ಯಾಸ. ಪೀಪಿ ತಾನೇ ಊದಿಕೊಂಡಿತು, ಕೈ ತಾನೇ ಜೇಬಿಗೆ ಹೋಯಿತು. ನೋಡಿದರೆ ಕೆಂಪು ಕಾರ್ಡು ಯಜಮಾನರ ಮೂಗಿನ ಮುಂದಿದೆ.

"ಇದೇನಯ್ಯಾ?"

"ಕಾಲಿಗೆ ಒದ್ದವರು ಹೊರಗೆ."

"ನನ್ ಮಗನ್ನ ನಾನ್ ಒದ್ರೆ ನಿಂದೇನು?"

"ಮನೇಲಿ ಒದ್ರೂ ತಪ್ಪೇ. ಅಲ್ಲಿ ನನ್ನ ಹತ್ರ ಪೀಪಿ ಇಲ್ಲ. ಇಲ್ಲಿ ಇದೆ."

"ನಾನು ಆಟಗಾರ ಅಲ್ಲ ಕಣಯ್ಯಾ."

"ಹಾಗಾದ್ರೆ ಆಟದ ಮಧ್ಯ ಏನು ಮಾಡ್ತಿದ್ದೀರಿ?"

ಆಳುಗಳು ಒಂದು ಹೆಜ್ಜೆ ಮುಂದೆ ಬಂದರು. ಹಳ್ಳಿಯ ಜನ ಬೇಲಿ ಬಿಟ್ಟು ಎದ್ದರು. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಉಮ್ಮತ್ತೂರಿನ ಆ ತಾಯಿಗೆ ಏನು ಹೇಳಲಿ ಅಂದುಕೊಂಡೆ. ಯಜಮಾನರು ತಮ್ಮ ಆಳುಗಳನ್ನು ನೋಡಿದರು, ಜನರನ್ನು ನೋಡಿದರು, ಕಾರ್ಡನ್ನು ನೋಡಿದರು. ಕೈ ಎತ್ತಿ ಆಳುಗಳನ್ನು ತಡೆದರು.

"ಕೇಳ್ತಾವ್ನೆ ನೋಡ್ರೋ. ಸರ್ಯಾಗೇ ಕೇಳ್ತಾವ್ನೆ. ನಡೀಲಾ" ಅಂತ ಮಗನ ಕಿವಿ ಹಿಡಿದುಕೊಂಡು ಹೊರಟರು. ಅಪ್ಪ ಮಗ ಇಬ್ಬರೂ ಒಟ್ಟಿಗೇ ಮೈದಾನ ದಾಟಿ ಹೋದರು. ಒಂದು ಕಲ್ಲೂ ಬೀಳಲಿಲ್ಲ. ಆ ಒಂದು ವರ್ಷದಲ್ಲಿ ನಮ್ಮ ಕಡೆಯ ಯಾವ ಹುಡುಗನ ಮೂಳೆಯೂ ಮುರಿಯಲಿಲ್ಲ. ನಾನು ಮಾಡಿದ ಧರಣಿಗಳಲ್ಲಿ ಸೋತವೇ ಹೆಚ್ಚು, ಆದರೆ ಇದನ್ನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಹಳ್ಳಿಯವರು ಗೆದ್ದರು. ಆಗ ಶುರುವಾಯಿತು ನಿಜವಾದ ಪೇಚಾಟ. ಹೊರಗೆ ಹೋದವರು ಬಹುಮಾನದ ಹೊತ್ತಿಗೆ ವಾಪಸು ಬಂದು ಜಗಳ ತೆಗೆಯುತ್ತಾರೆ ಅಂತ, ಕಾರ್ಡು ಪಡೆದವರು ಆ ದಿನವೆಲ್ಲ ಗೆರೆಯೊಳಗೆ ಕಾಲಿಡಬಾರದು ಅಂತ ನಾನೇ ಒಂದು ಸಾಲು ಬರೆದು ಸಾಹೇಬರ ಸಹಿ ಹಾಕಿಸಿದ್ದೆ. ಕಪ್ಪು ಇಟ್ಟ ಮೇಜು ಮೈದಾನದ ನಟ್ಟನಡುವೆ. ಕಪ್ಪು ಕೊಡಬೇಕಾದವರು ಗೆರೆಯ ಆಚೆ.

ಸಾಹೇಬರು ಓಡಿ ಬಂದರು. "ಇವತ್ತೊಂದು ದಿನ ಬಿಟ್ಟುಬಿಡಯ್ಯಾ."

"ಅದಕ್ಕೆ ನಿಮ್ಮ ಸಹಿ ಇದೆ ಸಾರ್."

ಯಜಮಾನರು ಅಲ್ಲಿಂದಲೇ ಕೂಗಿದರು. "ಅವನ್ನ ಕೇಳ್ಬೇಡಿ ಸಾಹೇಬ್ರೇ. ನಾನು ಒಳಕ್ಕೆ ಬರಂಗಿಲ್ಲ. ಕಪ್ಪನ್ನೇ ಇಲ್ಲಿಗೆ ತನ್ನಿ."

ಕಪ್ಪು ಅಲ್ಲಿಗೆ ಹೋಯಿತು. ಗೆರೆಯ ಒಳಗೆ ಹಳ್ಳಿಯ ಕ್ಯಾಪ್ಟನ್ನು ಬರಿಗಾಲಲ್ಲಿ, ಹೊರಗೆ ಯಜಮಾನರು ಕಪ್ಪು ಹಿಡಿದುಕೊಂಡು. ಯಜಮಾನರು ಪಂಚೆ ಎತ್ತಿ ಬಗ್ಗಿ, ತಮ್ಮ ಹೆಬ್ಬೆರಳು ಸುಣ್ಣಕ್ಕೆ ತಾಗಿದೆಯಾ ಅಂತ ನೋಡಿಕೊಂಡು ಒಂದು ಗೇಣು ಹಿಂದೆ ಸರಿದರು. ಈಗ ಕಪ್ಪು ಹುಡುಗನ ಕೈಗೆ ಎಟುಕಲಿಲ್ಲ. ಅವನು ಗೆರೆ ದಾಟಲು ಕಾಲೆತ್ತಿದ. ಯಜಮಾನರು ಗಾಬರಿಯಿಂದ ನನ್ನ ಜೇಬಿನ ಕಡೆ ನೋಡಿ ಅವನನ್ನು ತಡೆದರು.

"ಅಲ್ಲೇ ನಿಂತ್ಕಳಪ್ಪ, ನಿನ್ ಕೈ ಮುಗೀತೀನಿ. ದಾಟಿದ್ದು ನೀನಾದ್ರೂ ಇವ್ನು ತೋರ್ಸೋದು ನನಗೇಯ."